ರೀಫ್ ಟ್ಯಾಂಕಿನ ಪಾಚಿ: ಯಾವುದು ಅಂತ ಗುರುತಿಸಿ, ಆಮೇಲೆ ಕೈ ಹಾಕಿ

ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ ಪಾಚಿ ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಲೈಟ್ ಕಡಿಮೆ ಮಾಡುತ್ತಾರೆ, ಮೀನಿಗೆ ಆಹಾರ ಕಡಿಮೆ ಹಾಕುತ್ತಾರೆ, ಫಾಸ್ಫೇಟ್ ಹೀರುವ ಪುಡಿ ತಂದು ಸುರಿಯುತ್ತಾರೆ. ಬೆಳೆದಿರುವುದು ಕೂದಲು ಪಾಚಿ ಆದರೆ ಇದರಿಂದ ಸ್ವಲ್ಪ ಪ್ರಯೋಜನ ಉಂಟು. ಆದರೆ ಅದು ಡೈನೋ (ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ) ಆಗಿದ್ದರೆ? ನೀರಿನಲ್ಲಿ ಪೋಷಕಾಂಶ ಸೊನ್ನೆಗೆ ಇಳಿದಾಗಲೇ ಡೈನೋ ಜೋರಾಗುವುದು. ಅಂದರೆ ಒಂದು ಪಾಚಿಗೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರ. ಹಾಗಾಗಿ ಬಾಟಲಿ ತೆರೆಯುವ ಮೊದಲು ಅದು ಯಾವ ಪಾಚಿ ಅಂತ ತಿಳಿದುಕೊಳ್ಳಿ. ಒಂದು ದಿನ ತಡವಾದರೂ ಏನೂ ಮುಳುಗಿ ಹೋಗುವುದಿಲ್ಲ.

ಇನ್ನೊಂದು ಮಾತು. ಪಾಚಿಯೇ ಇಲ್ಲದ ರೀಫ್ ಟ್ಯಾಂಕ್ ಅಂತ ಇಲ್ಲ. ಗಾಜಿನ ಮೇಲೆ ಎರಡು ಮೂರು ದಿನಕ್ಕೊಮ್ಮೆ ತೆಳುವಾಗಿ ಹಸಿರು ಕಟ್ಟುವುದು ಸಹಜ. ಮ್ಯಾಗ್ನೆಟ್‌ನಿಂದ ಒರೆಸಿದರೆ ಮುಗಿಯಿತು. ಕಲ್ಲಿನ ಮೇಲೆ ಗುಲಾಬಿ, ನೇರಳೆ ಬಣ್ಣದಲ್ಲಿ ಗಟ್ಟಿಯಾಗಿ ಹರಡುವ ಕೋರಲೈನ್ ಕೂಡ ಪಾಚಿಯೇ. ಅದು ಬಂದರೆ ಖುಷಿಪಡಿ, ಕೆರೆಯಲು ಹೋಗಬೇಡಿ.

ಗುರುತಿಸುವುದು ಹೇಗೆ

ಮೊದಲು ಲೈಟನ್ನು ಬಿಳಿಗೆ ತಿರುಗಿಸಿ. ನೀಲಿ ಬೆಳಕಿನಲ್ಲಿ ಕಂದು, ಕೆಂಪು, ಹಸಿರು ಎಲ್ಲ ಒಂದೇ ಥರ ಕಾಣುತ್ತವೆ. ಫೋಟೋ ತೆಗೆಯುವುದಾದರೂ ಬಿಳಿ ಬೆಳಕಿನಲ್ಲೇ ತೆಗೆಯಿರಿ.

ಬಣ್ಣವನ್ನೇ ನಂಬಬೇಡಿ. ಕಂದು ಬಣ್ಣದಲ್ಲಿ ಡಯಾಟಮ್ (ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ) ಇರುತ್ತದೆ, ಡೈನೋ ಇರುತ್ತದೆ, ಕೆಲವೊಮ್ಮೆ ಸಯನೋ (ಸಯನೋಬ್ಯಾಕ್ಟೀರಿಯಾ) ಕೂಡ ಇರುತ್ತದೆ. ಗ್ಲೌಸ್ ಹಾಕಿಕೊಂಡು ಒಂದು ಚೂರು ಕಿತ್ತು ಬೆರಳುಗಳ ನಡುವೆ ಉಜ್ಜಿ ನೋಡಿ. ಪುಡಿಯಾಗಿ ಹಾರಿಹೋದರೆ ಡಯಾಟಮ್. ಹಾಳೆಯ ಹಾಗೆ ಎದ್ದು ಬಂದರೆ ಸಯನೋ. ನೂಲು ನೂಲಾಗಿ ಜಾರಿದರೆ ಡೈನೋ ಇರಬಹುದು. ಎಳೆ ಎಳೆಯಾಗಿ ಕೈಗೆ ಸಿಕ್ಕರೆ ಕೂದಲು ಪಾಚಿ. ಎಷ್ಟು ಎಳೆದರೂ ಬರದೆ ಕಲ್ಲಿಗೇ ಅಂಟಿಕೊಂಡಿದ್ದರೆ ಟರ್ಫ್ ಪಾಚಿ.

ಆಮೇಲೆ ಸಮಯ ನೋಡಿ. ಬೆಳಿಗ್ಗೆ ಲೈಟ್ ಹತ್ತುವ ಮೊದಲು ಟಾರ್ಚ್ ಹಿಡಿದು ಟ್ಯಾಂಕ್ ನೋಡಿ. ಮರಳು ಸ್ವಚ್ಛವಾಗಿ ಕಂಡು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಂದು ಲೋಳೆ ಮುಚ್ಚಿದ್ದರೆ ಡೈನೋ ಮೇಲೆ ಅನುಮಾನ ಪಡಬೇಕು. ಸಯನೋ ಕೂಡ ರಾತ್ರಿ ಸ್ವಲ್ಪ ತೆಳುವಾಗುತ್ತದೆ, ಆದ್ದರಿಂದ ಇದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಡೈನೋ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡುವ ಉಪಾಯ ಇದೆ. ಸಿರಿಂಜ್‌ನಲ್ಲಿ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆಗೇ ಎಳೆದು ಒಂದು ಸಣ್ಣ ಗಾಜಿನ ಬಾಟಲಿಗೆ ಹಾಕಿ. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಲೋಳೆಯೆಲ್ಲ ಒಡೆದು ನೀರು ಕಂದಾಗುತ್ತದೆ. ಅದನ್ನು ಟಿಶ್ಯೂ ಪೇಪರ್‌ನಲ್ಲಿ ಸೋಸಿ. ಕೆಳಗೆ ಇಳಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಅಲುಗಾಡಿಸದೆ ಇಡಿ. ಡೈನೋ ಆದರೆ ಟಿಶ್ಯೂ ದಾಟಿ ಬಂದ ಬಿಡಿ ಕೋಶಗಳೆಲ್ಲ ಮತ್ತೆ ಒಟ್ಟುಗೂಡಿ, ನೀರಿನಲ್ಲಿ ಎಳೆ ಎಳೆಯಾದ ಗಂಟು ಕಟ್ಟುತ್ತವೆ. ಮೊದಲ ಸಲ ನೋಡಿದಾಗ ಸ್ವಲ್ಪ ಮೈ ಜುಮ್ಮೆನ್ನುತ್ತದೆ.

ಮಕ್ಕಳಿಗೆ ಕೊಡಿಸುವಂಥ ಸಾಧಾರಣ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. 400 ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ಡಯಾಟಮ್‌ಗಳು ಗಾಜಿನ ಚಿಪ್ಪಿನಂತೆ ಗೀಟು ಗೀಟಾಗಿ ಕಾಣುತ್ತವೆ. ಸಯನೋ ಉದ್ದುದ್ದ ದಾರ. ಡೈನೋಗಳು ಓಡಾಡುತ್ತವೆ. ಅದರಲ್ಲೂ ಆಸ್ಟ್ರಿಯಾಪ್ಸಿಸ್ ಜಾತಿಯದು ಹನಿಯ ಆಕಾರದಲ್ಲಿದ್ದು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಕಡೆ ಸುತ್ತು ಹಾಕುತ್ತದೆ. ಆಂಫಿಡಿನಿಯಂ ಮೊಟ್ಟೆಯಾಕಾರದ್ದು, ಸರಾಗವಾಗಿ ಜಾರುತ್ತಾ ಹೋಗುತ್ತದೆ. ಈ ಎರಡರ ವ್ಯತ್ಯಾಸ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಕೈ ಹಾಕುವ ಮೊದಲು ಗ್ಲೌಸ್

ಇದನ್ನು ಹಾರಿಸಿ ಮುಂದೆ ಓದಬೇಡಿ. ಝೋಆಂಥಿಡ್ ಮತ್ತು ಪಾಲಿಥೋವಾ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರಬಹುದು. ಅವು ಇರುವ ಕಲ್ಲನ್ನು ಬ್ರಷ್‌ನಿಂದ ಉಜ್ಜುವಾಗ ರಸ ಕಣ್ಣಿಗೆ ಹಾರಬಹುದು, ಕೈಯಲ್ಲಿ ಗಾಯ ಇದ್ದರೆ ಒಳಗೆ ಹೋಗಬಹುದು. ಗ್ಲೌಸ್ ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ಪಾಚಿ ಸಾಯಲಿ ಅಂತ ಕಲ್ಲನ್ನು ಬೇಯಿಸುವುದು, ಕುದಿನೀರು ಹೊಯ್ಯುವುದು ಯಾವತ್ತೂ ಬೇಡ. ಆವಿಯಲ್ಲಿ ವಿಷ ಸೇರಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ. ಆಸ್ಟ್ರಿಯಾಪ್ಸಿಸ್ ಕೂಡ ಇದೇ ಜಾತಿಯ ವಿಷ ಮಾಡುತ್ತದೆ. ಆದ್ದರಿಂದ ನೀರೆಳೆಯುವ ಪೈಪನ್ನು ಬಾಯಿಂದ ಹೀರಿ ಶುರು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಡಯಾಟಮ್

ಹೊಸ ಟ್ಯಾಂಕಿನ ಮೊದಲ ವಾರಗಳಲ್ಲಿ ಮರಳು, ಗಾಜು, ಕಲ್ಲಿನ ಮೇಲೆಲ್ಲ ಕಂದು ಧೂಳು ಕೂತ ಹಾಗೆ ಕಂಡರೆ ಇದೇ. ಏನೂ ಮಾಡಬೇಡಿ. ನೀರಿನಲ್ಲಿರುವ ಸಿಲಿಕೇಟ್ ಮುಗಿದ ಮೇಲೆ ತಾನಾಗಿ ಹೋಗುತ್ತದೆ. ಹಳೆ ಟ್ಯಾಂಕಿನಲ್ಲಿ ಪದೇ ಪದೇ ಬರುತ್ತಿದ್ದರೆ ಮಾತ್ರ ಟ್ಯಾಂಕಿಗೆ ಹಾಕುವ ನೀರನ್ನು ಶುದ್ಧ ಮಾಡುವ ಆರ್‌ಓ ಡಿಐ ಫಿಲ್ಟರ್ ನೋಡಿ. ಅದರಲ್ಲಿರುವ ಡಿಐ ರಾಳ (ಕರಗಿದ ಲವಣ ಹಿಡಿಯುವ ಸಣ್ಣ ಮಣಿಗಳು) ಮುಗಿಯುತ್ತಾ ಬಂದಾಗ ಮೊದಲು ಸೋರುವುದು ಸಿಲಿಕಾ. ಟಿಡಿಎಸ್ ಮೀಟರ್ ಅದನ್ನು ಸರಿಯಾಗಿ ತೋರಿಸುವುದೂ ಇಲ್ಲ. ಮೀಟರ್ ಸೊನ್ನೆ ತೋರಿಸುತ್ತಿದ್ದರೂ ರಾಳ ಹಳೆಯದಾಗಿದ್ದರೆ ಬದಲಿಸಿ.

ಕೂದಲು ಪಾಚಿ

ಹೆಚ್ಚಿನವರ ತಲೆನೋವು ಇದೇ. ಹಸಿರು, ಮೆತ್ತಗೆ, ನೀರಿನ ಹರಿವಿಗೆ ತೂಗಾಡುತ್ತಾ ಇರುತ್ತದೆ. ನೋಡಲು ಚಂದವೇ, ಹವಳದ ಮೇಲೆ ಹತ್ತುವ ತನಕ.

ಇದರ ವಿಷಯದಲ್ಲಿ ಟೆಸ್ಟ್ ಕಿಟ್ ಸುಳ್ಳು ಹೇಳುತ್ತದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಅಂತ ತೋರಿಸಿದರೂ ಪಾಚಿ ಬೆಳೆಯುತ್ತಲೇ ಇರುತ್ತದೆ. ನೀರಿಗೆ ಬಂದದ್ದನ್ನೆಲ್ಲ ಪಾಚಿಯೇ ಆಗಿಂದಾಗ್ಗೆ ತಿಂದು ಮುಗಿಸಿದರೆ ಕಿಟ್‌ಗೆ ಸಿಗುವುದಾದರೂ ಏನು, ಅಲ್ವಾ? ಇನ್ನೊಂದು ಕಾರಣ ಕಲ್ಲು. ರೀಫ್ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದಾಗ ನಿಧಾನವಾಗಿ ಹೊರಗೆ ಬಿಡುತ್ತದೆ. ಹಾಗಾಗಿ ಒಂದು ವಾರದಲ್ಲಿ ಗೆಲ್ಲುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ.

ಮೊದಲ ಕೆಲಸ ಕೈಯಿಂದ ಕೀಳುವುದು. ಇದನ್ನು ತಪ್ಪಿಸಿಕೊಳ್ಳಲು ಎಲ್ಲರೂ ನೋಡುತ್ತಾರೆ, ಆದರೆ ಇಷ್ಟು ಕೆಲಸ ಮಾಡುವುದು ಬೇರೆ ಯಾವುದೂ ಇಲ್ಲ. ಕಿತ್ತ ಪ್ರತಿ ಹಿಡಿಯ ಜೊತೆ ಅದು ತಿಂದ ನೈಟ್ರೇಟ್, ಫಾಸ್ಫೇಟ್ ಕೂಡ ಟ್ಯಾಂಕಿನಿಂದ ಹೊರಗೆ ಹೋಗುತ್ತದೆ.

ಕೀಳುವ ಕ್ರಮ ಹೀಗಿರಲಿ. ನೀರು ಬದಲಿಸುವ ದಿನವೇ ಇದನ್ನು ಮಾಡಿ. ಟ್ಯಾಂಕಿನೊಳಗೆ ನೀರು ಹರಿಸುವ ಪಂಪುಗಳನ್ನು (ಪವರ್‌ಹೆಡ್) ನಿಲ್ಲಿಸಿ, ಇಲ್ಲದಿದ್ದರೆ ಚೂರುಗಳು ಟ್ಯಾಂಕ್ ತುಂಬ ಹರಡುತ್ತವೆ. ಹೊರಗೆ ತೆಗೆಯಲು ಬರುವ ಕಲ್ಲನ್ನು ತೆಗೆದು, ಟ್ಯಾಂಕಿನಿಂದಲೇ ತೆಗೆದ ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಗಟ್ಟಿ ಕೂದಲಿನ ಟೂತ್ ಬ್ರಷ್‌ನಿಂದ ಉಜ್ಜಿ. ಇನ್ನೊಂದು ಬಕೆಟ್‌ನ ಉಪ್ಪುನೀರಿನಲ್ಲಿ ಅಲುಬಿ ವಾಪಸ್ ಇಡಿ. ನಲ್ಲಿ ನೀರು ತಾಗಿಸಬೇಡಿ, ಕಲ್ಲಿನ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ತೆಗೆಯಲು ಬಾರದ ಕಲ್ಲಾದರೆ ಸಣ್ಣ ಪೈಪಿನ ತುದಿಗೇ ಬ್ರಷ್ ಕಟ್ಟಿ. ಒಂದು ಕಡೆ ಉಜ್ಜುತ್ತಿರುವಾಗಲೇ ಇನ್ನೊಂದು ಕಡೆ ಪೈಪ್ ಎಳೆದುಕೊಳ್ಳುತ್ತಿರಬೇಕು. ತೆಗೆಯುವ ನೀರು ಜಾಸ್ತಿ ಆಗುತ್ತದೆ ಅನಿಸಿದರೆ ಪೈಪಿನ ಕೆಳತುದಿಯನ್ನು ಸಂಪ್‌ನಲ್ಲಿ (ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ) ಫಿಲ್ಟರ್ ಸಾಕ್ಸ್ ಎಂಬ ಸೋಸುವ ಚೀಲದ ಒಳಗೆ ಬಿಡಿ. ನೀರು ಒಳಗೇ ಉಳಿಯುತ್ತದೆ, ಪಾಚಿ ಸಾಕ್ಸ್‌ನಲ್ಲಿ ನಿಲ್ಲುತ್ತದೆ. ಮುಗಿದ ಕೂಡಲೇ ಸಾಕ್ಸ್ ತೆಗೆದು ತೊಳೆಯಿರಿ. ಅಲ್ಲೇ ಬಿಟ್ಟರೆ ಕೊಳೆತು ತಿಂದದ್ದನ್ನೆಲ್ಲ ವಾಪಸ್ ನೀರಿಗೇ ಕೊಡುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ವಾರಕ್ಕೆ ಟ್ಯಾಂಕಿನ ಒಂದು ಭಾಗ.

ಕಲ್ಲಿನ ಸಂದಿಯಲ್ಲಿ ಉಳಿದ ಬುಡಕ್ಕೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು. ಕಲ್ಲನ್ನು ನೀರಿನಿಂದ ಹೊರಗೆ ಇಟ್ಟು, ಪಾಚಿ ಇರುವ ಜಾಗಕ್ಕೆ ಮಾತ್ರ ಹನಿಸಿ, ಎರಡು ಮೂರು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು ಇಡಿ. ಸೊಯ್ಯೆಂದು ನೊರೆ ಬರುತ್ತದೆ. ಕೆಲವು ದಿನದಲ್ಲಿ ಪಾಚಿ ಬಿಳುಚಿಕೊಳ್ಳುತ್ತದೆ. ಹವಳದ ಮೈಗೆ ತಾಗದಂತೆ ನೋಡಿಕೊಳ್ಳಿ. ಟ್ಯಾಂಕಿಗೇ ನೇರ ಸುರಿಯುವವರಿದ್ದಾರೆ, ನಾನು ಆ ಸಲಹೆ ಕೊಡುವುದಿಲ್ಲ. ಕ್ಲೀನರ್ ಸಿಗಡಿಗಳಿಗೆ ಅದು ಆಗಿಬರುವುದಿಲ್ಲ.

ಬ್ರಯಾಪ್ಸಿಸ್, ಗುಳ್ಳೆ ಪಾಚಿ, ಟರ್ಫ್

ಕೂದಲು ಪಾಚಿಯ ಒಂದು ಎಳೆಯನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ತೇಲಿಸಿ ನೋಡಿ. ನಡುವೆ ದಂಟು, ಎರಡೂ ಕಡೆ ಗರಿಯಂತೆ ಕವಲುಗಳಿದ್ದರೆ ಅದು ಬ್ರಯಾಪ್ಸಿಸ್. ಇದನ್ನು ಬಸವನಹುಳುಗಳು ಮುಟ್ಟುವುದೇ ಕಡಿಮೆ, ಪೋಷಕಾಂಶ ಇಳಿಸಿದರೂ ಜಗ್ಗುವುದಿಲ್ಲ. ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಔಷಧಿ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹವ್ಯಾಸಿಗಳು ಬಳಸುವ ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ. ಕಲ್ಲು, ಮರಳು ಹಿಡಿದ ಜಾಗ ಕಳೆದು ಉಳಿದ ನೀರಿನ ಲೆಕ್ಕ ಹಿಡಿಯಬೇಕು. ಇದ್ದಿಲಿನ ಫಿಲ್ಟರ್ ತೆಗೆದಿಡಿ, ಯುವಿ (ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ನೇರಳಾತೀತ ದೀಪ) ನಿಲ್ಲಿಸಿ, ಎರಡರಿಂದ ಮೂರು ವಾರ ನೀರು ಬದಲಿಸಬೇಡಿ. ಮೊದಲ ವಾರ ಏನೂ ಆಗಲಿಲ್ಲ ಅಂತ ಇನ್ನೊಂದು ಸಲ ಹಾಕಬೇಡಿ, ಅದರ ಕೆಲಸವೇ ನಿಧಾನ. ಔಷಧಿ ಹಾಕುವ ಮೊದಲು ಆದಷ್ಟು ಕೈಯಿಂದ ಕಿತ್ತಿರಬೇಕು. ಇಲ್ಲವಾದರೆ ಅಷ್ಟೂ ಪಾಚಿ ಟ್ಯಾಂಕಿನೊಳಗೇ ಸತ್ತು ಕೊಳೆಯುತ್ತದೆ, ಅದರ ಹಿಂದೆಯೇ ಸಯನೋ ಬಂದು ಕೂರುತ್ತದೆ.

ಗುಳ್ಳೆ ಪಾಚಿ ಅಂದರೆ ವಲೋನಿಯಾ. ಹೊಳೆಯುವ ಹಸಿರು ಮಣಿಗಳು. ಒಂದೊಂದು ಗುಳ್ಳೆಯೂ ಒಂದೇ ಜೀವಕೋಶ ಅಂದರೆ ನಂಬುವುದು ಕಷ್ಟ, ಆದರೆ ನಿಜ. ಉಗುರಿನಿಂದಲೋ ಚಪ್ಪಟೆ ಸ್ಕ್ರೂಡ್ರೈವರ್‌ನಿಂದಲೋ ಬುಡದಲ್ಲಿ ತಿರುಗಿಸಿದರೆ ಇಡಿಯಾಗಿ ಕಳಚಿ ಬರುತ್ತದೆ. ಒಡೆದರೆ ಬೀಜಕಣ ಹರಡಿ ಟ್ಯಾಂಕೇ ಹಾಳು ಅಂತ ಹೆದರಿಸುವವರಿದ್ದಾರೆ. ಅಷ್ಟು ಭಯ ಬೇಡ. ಪೈಪಿನ ಬಾಯಿ ಪಕ್ಕದಲ್ಲೇ ಇಟ್ಟುಕೊಂಡು ಮಾಡಿ, ಒಂದೆರಡು ಒಡೆದರೂ ಪೈಪ್ ಎಳೆದುಕೊಳ್ಳುತ್ತದೆ. ಎಮರಾಲ್ಡ್ ಏಡಿ ಇದನ್ನು ತಿನ್ನುತ್ತದೆ. ಕೆಲವು ಏಡಿ ಮಾತ್ರ ಪಕ್ಕದಲ್ಲೇ ಗುಳ್ಳೆ ಇದ್ದರೂ ತಿರುಗಿ ನೋಡುವುದಿಲ್ಲ. ಬೆಳೆದ ಮೇಲೆ ಹವಳಕ್ಕೂ ಬಾಯಿ ಹಾಕಬಹುದು, ಒಂದು ಕಣ್ಣು ಇಟ್ಟಿರಿ.

ಟರ್ಫ್ ಪಾಚಿ ಗಿಡ್ಡ, ಒರಟು. ಬ್ರಷ್‌ಗೆ ಬಗ್ಗುವುದಿಲ್ಲ. ಟಕ್ಸಿಡೊ ಅರ್ಚಿನ್ ಎಂಬ ಮುಳ್ಳುಮೈ ಜೀವಿಯನ್ನು ಟ್ಯಾಂಕಿಗೆ ಬಿಡಿ, ಅದು ಕಲ್ಲಿನ ಮೇಲ್ಪದರ ಸಮೇತ ಕೆರೆದು ತಿನ್ನುತ್ತದೆ. ಸಡಿಲವಾಗಿ ಇಟ್ಟ ಹವಳದ ತುಂಡುಗಳನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುವ ಚಾಳಿ ಅದಕ್ಕಿದೆ. ಎಲ್ಲವನ್ನೂ ಮೊದಲೇ ಅಂಟಿಸಿಡಿ.

ಸಯನೋ

ಇದು ಪಾಚಿ ಅಲ್ಲ, ಬ್ಯಾಕ್ಟೀರಿಯಾ. ಕಡುಗೆಂಪು ಅಥವಾ ನೇರಳೆ ಹೊದಿಕೆ, ಮೇಲೆ ಸಣ್ಣ ಗಾಳಿಗುಳ್ಳೆ, ಹೊರಗೆ ತೆಗೆದರೆ ಕೆಟ್ಟ ವಾಸನೆ. ನೀರು ಸರಿಯಾಗಿ ಹರಿಯದ ಮೂಲೆಯಲ್ಲಿ ಶುರುವಾಗುತ್ತದೆ. ಪೈಪಿನಿಂದ ಹಾಳೆ ಹಾಳೆಯಾಗಿ ಎಳೆದು ತೆಗೆಯಿರಿ, ಪವರ್‌ಹೆಡ್‌ನ ಮುಖವನ್ನು ಆ ಮೂಲೆಗೆ ತಿರುಗಿಸಿ, ಮರಳಿನಲ್ಲಿ ಕೂತ ಕೊಳೆಯನ್ನು ತೆಗೆಯಿರಿ. ಬಹಳಷ್ಟು ಸಲ ಇಷ್ಟಕ್ಕೇ ಹೋಗುತ್ತದೆ. ನೈಟ್ರೇಟ್ ಸೊನ್ನೆಯಾಗಿ ಫಾಸ್ಫೇಟ್ ಮಾತ್ರ ಇದ್ದಾಗಲೂ ಬರುತ್ತದೆ, ಏಕೆಂದರೆ ಕೆಲವು ಸಯನೋಗಳು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳಬಲ್ಲವು. ಆಂಟಿಬಯಾಟಿಕ್ ಪುಡಿಗಳು ಒಂದೆರಡು ದಿನದಲ್ಲಿ ಮಾಯ ಮಾಡುತ್ತವೆ ನಿಜ, ಆದರೆ ಕಾರಣ ಅಲ್ಲೇ ಉಳಿದಿರುತ್ತದೆ. ಕೊನೆಯ ಅಸ್ತ್ರವಾಗಿ ಹಾಕುವುದಾದರೆ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಜೋರಾಗಿ ಓಡಿಸಿ. ಸಾಯುವ ಸಯನೋ ನೀರಿನ ಆಮ್ಲಜನಕವನ್ನು ಕುಡಿದುಬಿಡುತ್ತದೆ.

ಡೈನೋ

ಕಂದು ಲೋಳೆ, ಎಳೆಗಳ ತುದಿಯಲ್ಲಿ ಗಾಳಿಗುಳ್ಳೆ. ಬಸವನಹುಳುಗಳು ಕಾರಣವಿಲ್ಲದೆ ಸಾಯತೊಡಗಿದರೆ ಅದೂ ಒಂದು ಸುಳಿವು.

ಇಲ್ಲಿ ಎಲ್ಲ ತಿರುವುಮುರುವು. ಫಾಸ್ಫೇಟ್ ಹೀರುವ ಪುಡಿಯನ್ನು ಹೊರಗೆ ತೆಗೆಯಿರಿ. ಮೀನಿಗೆ ಆಹಾರ ಜಾಸ್ತಿ ಹಾಕಿ. ನೀರು ಬದಲಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ), ಫಾಸ್ಫೇಟ್ 0.1 ಪಿಪಿಎಂ ಹತ್ತಿರ ಬಂದು ನಿಲ್ಲಬೇಕು. ಆಹಾರದಿಂದ ಆಗದಿದ್ದರೆ ರೀಫ್ ಟ್ಯಾಂಕಿಗೆ ಅಂತಲೇ ಸಿಗುವ ನೈಟ್ರೇಟ್, ಫಾಸ್ಫೇಟ್ ದ್ರಾವಣ ಹಾಕಿ, ದಿನಾ ಟೆಸ್ಟ್ ಮಾಡಿ. ಬೇರೆ ಪಾಚಿ, ಬ್ಯಾಕ್ಟೀರಿಯಾಗಳು ಬೆಳೆದು ಡೈನೋ ಕೂತ ಜಾಗವನ್ನು ಕಿತ್ತುಕೊಳ್ಳಬೇಕು ಅನ್ನುವುದು ಇದರ ಲೆಕ್ಕ. ಗಾಜಿನ ಮೇಲೆ ಹಸಿರು ಕಾಣಿಸಿದರೆ ದಾರಿ ಸರಿ ಇದೆ ಅಂತ ಅರ್ಥ.

ಈಗ ಮೈಕ್ರೋಸ್ಕೋಪ್‌ನಲ್ಲಿ ಕಂಡದ್ದರ ವಿಷಯ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗೆ ಇಳಿದು ತೇಲುತ್ತದೆ. ಆದ್ದರಿಂದ ಯುವಿ ಸ್ಟೆರಿಲೈಸರ್ ಅದನ್ನು ಕೊಲ್ಲುತ್ತದೆ. ಯುವಿಯ ಪಂಪನ್ನು ಸಂಪ್‌ನಲ್ಲಿ ಅಲ್ಲ, ಟ್ಯಾಂಕಿನೊಳಗೇ ಇಟ್ಟು ರಾತ್ರಿಯಿಡೀ ಓಡಿಸಿ. ಮೂರು ದಿನ ಲೈಟ್ ಪೂರ್ತಿ ಆರಿಸಿ ಇದನ್ನು ಮಾಡಿದರೆ ಇನ್ನೂ ಬೇಗ ಕಡಿಮೆಯಾಗುತ್ತದೆ. ಆರೋಗ್ಯವಾಗಿರುವ ಹವಳಗಳು ಮೂರು ದಿನದ ಕತ್ತಲೆ ತಡೆದುಕೊಳ್ಳುತ್ತವೆ. ಆಂಫಿಡಿನಿಯಂ ಮಾತ್ರ ರಾತ್ರಿ ಮರಳಿನೊಳಗೇ ಇಳಿಯುತ್ತದೆ, ಅದಕ್ಕೆ ಯುವಿ ಹಾಕುವುದು ಸುಮ್ನೆ ದುಡ್ಡು ದಂಡ. ಅದಕ್ಕೆ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸುವ ಉಪಾಯ ಕೆಲಸ ಮಾಡುತ್ತದೆ. ಹೌದು, ಹೊಸ ಟ್ಯಾಂಕಿನಲ್ಲಿ ತಾನಾಗಿ ಹೋಗಲಿ ಅಂತ ನಾವು ಕಾಯುವ ಅದೇ ಡಯಾಟಮ್.

ಊಟ, ನೀರು, ಲೈಟ್

ಡೈನೋ ಬಿಟ್ಟು ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಕಾರಣ ಒಳಗೆ ಹೋಗುವುದು ಜಾಸ್ತಿ, ಹೊರಗೆ ಬರುವುದು ಕಡಿಮೆ ಆಗಿರುವುದು. ಟ್ಯಾಂಕಿನ ಫಾಸ್ಫೇಟ್ ಬಹುಪಾಲು ಆಹಾರದಿಂದಲೇ ಬರುತ್ತದೆ. ಫ್ರೀಜರ್ ಆಹಾರದ ತುಂಡನ್ನು ಸಣ್ಣ ಜರಡಿಯಲ್ಲಿ ಕರಗಿಸಿ, ನೀರು ಬಸಿದು ಹಾಕಿ. ಮೀನು ತಿನ್ನದೆ ಉಳಿಸಿದ್ದನ್ನು ತೆಗೆಯಿರಿ.

ನೀರು ಬದಲಿಸುವುದು ಒಳ್ಳೆಯದೇ, ಆದರೆ ಲೆಕ್ಕ ನೋಡಿ. ನೈಟ್ರೇಟ್ 40 ಇದ್ದಾಗ 10 ಶೇಕಡಾ ನೀರು ಬದಲಿಸಿದರೆ 36ಕ್ಕೆ ಇಳಿಯುತ್ತದೆ, ಅಷ್ಟೇ. ನೊರೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್‌ನ ಕಪ್ ತೊಳೆಯುವುದು, ಸಂಪ್‌ನಲ್ಲಿ ಚೀಟೋಮಾರ್ಫಾ ಎಂಬ ಪಾಚಿ ಬೆಳೆಸಿ ಆಗಾಗ ಕತ್ತರಿಸಿ ಬಿಸಾಡುವುದು ದಿನವೂ ನಡೆಯುವ ಕೆಲಸ, ಅದರ ಫಲ ಹೆಚ್ಚು. ಪಾಚಿಯನ್ನು ಬೇರೆ ಜಾಗದಲ್ಲಿ ಬೇಕೆಂದೇ ಬೆಳೆಸಿ ನೀರು ಶುದ್ಧ ಮಾಡುವ ಸ್ಕ್ರಬ್ಬರ್ ವಿಧಾನವನ್ನು ವಾಲ್ಟರ್ ಏಡೀ ಎಂಬ ವಿಜ್ಞಾನಿ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದಾಗ ರೂಪಿಸಿದರು. ಈಗಲೂ ಅದು ಚೆನ್ನಾಗಿಯೇ ನಡೆಯುತ್ತಿದೆ.

ಜಿಎಫ್‌ಓ (ಫಾಸ್ಫೇಟ್ ಹೀರುವ ಪುಡಿ) ಹಾಕುವುದಾದರೆ ಪೊಟ್ಟಣದಲ್ಲಿ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಫಾಸ್ಫೇಟ್ ದಿಢೀರ್ ಇಳಿದರೆ ಪಾಚಿಗಿಂತ ಮೊದಲು ಹವಳ ಬಿಳಿಚಿಕೊಳ್ಳುತ್ತದೆ. ಸಾಮಾನ್ಯ ಟ್ಯಾಂಕಿಗೆ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಸಾಕು. ಸೊನ್ನೆಗೆ ತರಬೇಡಿ. ರೆಡ್‌ಫೀಲ್ಡ್ ಅನುಪಾತ (ಸಾರಜನಕ, ರಂಜಕ ಎಷ್ಟಕ್ಕೆಷ್ಟು ಇರಬೇಕು ಅನ್ನುವ ಲೆಕ್ಕ) ಹಿಡಿದು ಎರಡನ್ನೂ ತೂಗಿಸುತ್ತಾ ಕೂರುವವರಿದ್ದಾರೆ. ಅದು ಸಮುದ್ರದ ತೇಲುಜೀವಿಗಳನ್ನು ನೋಡಿ ಮಾಡಿದ ಲೆಕ್ಕ, ನಿಮ್ಮ ಗಾಜಿನ ಪೆಟ್ಟಿಗೆಗೆ ಅದರ ಹಂಗಿಲ್ಲ.

ಲೈಟ್ ದಿನಕ್ಕೆ 8 ಗಂಟೆ ಇದ್ದರೆ ಸಾಕು. ಬಿಳಿ, ಕೆಂಪು ಬಣ್ಣಗಳನ್ನು ಸ್ವಲ್ಪ ಇಳಿಸಿ. ಕಿಟಕಿಯ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ.

ತಿನ್ನುವ ಪ್ರಾಣಿಗಳು

ಇವುಗಳಲ್ಲಿ ಹೆಚ್ಚಿನವು ಬೆಳೆದು ನಿಂತ ಕಾಡನ್ನು ತಿನ್ನುವುದಿಲ್ಲ. ನೀವು ಕಿತ್ತ ಮೇಲೆ ಚಿಗುರುವುದನ್ನು ತಿನ್ನುತ್ತವೆ. ಹಾಗಾಗಿ ಮೊದಲು ಕೀಳಿ, ಆಮೇಲೆ ತನ್ನಿ. ಟ್ರೋಕಸ್ ಬಸವನಹುಳು ನನ್ನ ಮೊದಲ ಆಯ್ಕೆ, ಮಗುಚಿ ಬಿದ್ದರೂ ತಾನೇ ಎದ್ದು ನಿಲ್ಲುತ್ತದೆ. ಆಸ್ಟ್ರಿಯಾ ಬಸವನಹುಳುವಿಗೆ ಅದು ಬರುವುದಿಲ್ಲ, ನೀವೇ ಎತ್ತಿ ನಿಲ್ಲಿಸಬೇಕು. ಟರ್ಬೊ ತುಂಬ ತಿನ್ನುತ್ತದೆ, ಜೊತೆಗೆ ಎಲ್ಲವನ್ನೂ ಬೀಳಿಸುತ್ತದೆ. ನಸ್ಸೇರಿಯಸ್ ಪಾಚಿ ತಿನ್ನುವುದೇ ಇಲ್ಲ, ಮರಳಿನಲ್ಲಿ ಬಿದ್ದ ಮೀನಿನ ಆಹಾರ ತಿನ್ನುತ್ತದೆ. ಪಾಚಿಗೆ ಅಂತ ಅದನ್ನು ಕೊಳ್ಳಬೇಡಿ. ಸೀ ಹೇರ್ ಎಂಬ ದೊಡ್ಡ ಜೀವಿ ಕೂದಲು ಪಾಚಿಯನ್ನು ದಿನಗಳಲ್ಲೇ ಬೋಳಿಸುತ್ತದೆ, ಪಾಚಿ ಮುಗಿದ ಮೇಲೆ ಹಸಿದು ಸಾಯುತ್ತದೆ. ಬೇರೆ ಟ್ಯಾಂಕಿರುವ ಗೆಳೆಯರಿಗೆ ದಾಟಿಸುವ ವ್ಯವಸ್ಥೆ ಇದ್ದರೆ ಮಾತ್ರ ತನ್ನಿ. ಯೆಲ್ಲೊ ಟ್ಯಾಂಗ್, ಫಾಕ್ಸ್‌ಫೇಸ್ ಮೀನುಗಳು ಚೆನ್ನಾಗಿ ಮೇಯುತ್ತವೆ. ಆದರೆ ಅವಕ್ಕೆ ಈಜಲು ಉದ್ದನೆಯ ಟ್ಯಾಂಕ್ ಬೇಕು. ಫಾಕ್ಸ್‌ಫೇಸ್‌ನ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ, ಟ್ಯಾಂಕಿಗೆ ಕೈ ಹಾಕುವಾಗ ಅದು ಎಲ್ಲಿದೆ ಅಂತ ನೋಡಿಕೊಳ್ಳಿ.

ತಾಮ್ರ ಇರುವ ಯಾವ ಪಾಚಿನಾಶಕವನ್ನೂ ರೀಫ್ ಟ್ಯಾಂಕಿಗೆ ಹಾಕಬೇಡಿ. ಪಾಚಿಯ ಜೊತೆ ಸಿಗಡಿ, ಬಸವನಹುಳು, ಹವಳ ಎಲ್ಲವೂ ಹೋಗುತ್ತವೆ.

ಬ್ರಯಾಪ್ಸಿಸ್, ವಲೋನಿಯಾ ಹೆಚ್ಚಾಗಿ ಬರುವುದು ಹೊಸ ಹವಳ ಕೂತಿರುವ ಪ್ಲಗ್ ಎಂಬ ಸಣ್ಣ ಬಿಲ್ಲೆಯ ಮೇಲೆ. ಹೊಸದು ತಂದಾಗ ಹವಳವನ್ನು ಪ್ಲಗ್‌ನಿಂದ ಬಿಡಿಸಿ, ಪ್ಲಗ್ ಬಿಸಾಡಿ, ನಿಮ್ಮದೇ ಸ್ವಚ್ಛ ಕಲ್ಲಿಗೆ ಅಂಟಿಸಿ. ಬಿಡಿಸಲು ಆಗದಿದ್ದರೆ ಪ್ಲಗ್‌ನ ಬದಿ, ತಳಭಾಗವನ್ನು ಬ್ರಷ್‌ನಿಂದ ಉಜ್ಜಿ, ಪೆರಾಕ್ಸೈಡ್ ಹಚ್ಚಿ ತೊಳೆದ ಮೇಲೆ ಟ್ಯಾಂಕಿಗೆ ಇಳಿಸಿ.